ಬೆಂಗಳೂರಿನಲ್ಲಿ ಕೆಲಸ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ವಿಜಯನಗರದ ನಮ್ಮ ಮನೆಯ ಮಹಡಿ ಕೋಣೆಗೆ ಕೆಲಸ ಹುಡುಕುವವರು ಬಂದು ಕೂರುವುದು ಶುರುವಾಗಿ ಎಂಟು ವರ್ಷವಾಯಿತು. ಮೊದಲು ಬಂದವನು ನನ್ನ ತಂಗಿಯ ಮಗ. ಆಮೇಲೆ ಅವನ ಗೆಳೆಯರು, ಅವರ ಅಕ್ಕಂದಿರು, ಪಕ್ಕದ ಬೀದಿಯ ದಿನಸಿ ಅಂಗಡಿಯವರ ಭಾವಮೈದುನ. ನಾನೂ ಒಂದು ಕಾಲಕ್ಕೆ ಕೆಲಸ ಕಳೆದುಕೊಂಡು ಅಲೆದವನು. ಈಗ ಜನರನ್ನು ಆರಿಸುವ ಕುರ್ಚಿಯಲ್ಲಿ ಕೂರುತ್ತೇನೆ. ಮುಖಾಮುಖಿ, ಫೋನಿನಲ್ಲಿ, ಆಗಾಗ ಪತ್ರದಲ್ಲಿ ಬರುವ ಪ್ರಶ್ನೆಗಳು ಮತ್ತೆ ಮತ್ತೆ ಅವೇ ಆಗಿರುವುದರಿಂದ ಉತ್ತರಗಳನ್ನು ಒಮ್ಮೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

## ಊರು ಬಿಡುವ ಮೊದಲು

ಮೊದಲು ಬೆಂಗಳೂರಿಗೆ ಬಂದು ರೂಮು ಮಾಡಲೇ, ಊರಿನಲ್ಲಿದ್ದುಕೊಂಡೇ ಹುಡುಕಲೇ?

ಎಂಥ ಕೆಲಸ ಎಂಬುದನ್ನು ನೋಡಬೇಕು. ಸಾಫ್ಟ್‌ವೇರ್, ಲೆಕ್ಕಪತ್ರ, ಕಚೇರಿ ಕೆಲಸಗಳಿಗೆ ಮೊದಲ ಸುತ್ತು ಈಗ ಫೋನಿನಲ್ಲಿ, ಎರಡನೆಯದು ಬಹುತೇಕ ವಿಡಿಯೊದಲ್ಲಿ ನಡೆಯುತ್ತದೆ. ಅಲ್ಲಿಯವರೆಗೆ ನೀವು ಅರಸೀಕೆರೆಯಲ್ಲಿದ್ದರೂ ಒಂದೇ, ಆರ್.ಟಿ. ನಗರದಲ್ಲಿದ್ದರೂ ಒಂದೇ. ನೆಟ್‌ವರ್ಕ್ ಸರಿಯಾಗಿ ಸಿಗುವ ಒಂದು ಮೂಲೆಯನ್ನು ಮನೆಯಲ್ಲೋ ಪಂಚಾಯಿತಿ ಗ್ರಂಥಾಲಯದಲ್ಲೋ ಮೊದಲೇ ಗುರುತು ಮಾಡಿಟ್ಟುಕೊಳ್ಳಿ.

ಕಾರ್ಖಾನೆ, ಆಸ್ಪತ್ರೆ, ಹೋಟೆಲ್, ಗೋದಾಮು, ಬಟ್ಟೆ ಮಳಿಗೆಗಳ ಲೆಕ್ಕ ಬೇರೆ. ಅಲ್ಲಿ ಗೇಟಿನ ಮುಂದೆ ನಿಂತವನಿಗೆ ಕೆಲಸ. ‘ನಾಳೆಯಿಂದ ಬರುತ್ತೀಯಾ?’ ಎಂದು ಕೇಳಿದಾಗ ‘ಊರಿನಿಂದ ಬರಬೇಕು ಸರ್’ ಎಂದರೆ ಹಿಂದೆ ನಿಂತವನು ಒಳಗೆ ಹೋಗುತ್ತಾನೆ. ಇಂಥ ಕೆಲಸ ಬೇಕಾದವರು ಬಂದೇ ಹುಡುಕಬೇಕು. ಪಿ.ಜಿ. ಮುಂಗಡ, ಊಟ, ಬಸ್ಸು ಸೇರಿ ಮೂರು ತಿಂಗಳಿಗೆ ಸಾಲುವಷ್ಟು ಹಣ ಕೈಯಲ್ಲಿರಲಿ. ನೆಂಟರ ಮನೆ ಹದಿನೈದು ದಿನ ಚೆಂದ. ಹದಿನಾರನೆಯ ದಿನ ಕಾಫಿ ಲೋಟ ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಕೂರುತ್ತದೆ.

ಬೆಂಗಳೂರು ಎಂದರೆ ಐ.ಟಿ. ತಾನೇ? ಬಿ.ಕಾಂ. ಓದಿದ ನನಗೆ ಅಲ್ಲೇನಿದೆ?

ನಮ್ಮ ಅಪ್ಪಂದಿರ ಕಾಲದಲ್ಲಿ ಬೆಂಗಳೂರು ಎಂದರೆ ಕಾರ್ಖಾನೆಯ ಸೈರನ್. 1940ರಲ್ಲಿ ಎಚ್.ಎ.ಎಲ್., 1953ರಲ್ಲಿ ಎಚ್.ಎಂ.ಟಿ., ಮರುವರ್ಷ ಬಿ.ಇ.ಎಲ್. ಬಂದವು. ಒಮ್ಮೆ ಜಾಲಹಳ್ಳಿಯ ಗೇಟು ದಾಟಿದವನು ನಿವೃತ್ತಿಯ ದಿನ ಹಾರ ಹಾಕಿಸಿಕೊಂಡೇ ಹೊರಬರುತ್ತಿದ್ದ. ಆ ಭರವಸೆ ಹೋಯಿತು, ಆದರೆ ಕೆಲಸದ ಬಗೆಗಳು ಹೋಗಲಿಲ್ಲ. ಪೀಣ್ಯ, ಬೊಮ್ಮಸಂದ್ರ, ಜಿಗಣಿಗಳಲ್ಲಿ ಬಿಡಿಭಾಗ ಮಾಡುವ ಸಾವಿರಾರು ಸಣ್ಣ ಘಟಕಗಳಿವೆ. ಪ್ರತಿಯೊಂದಕ್ಕೂ ಬಿಲ್ಲು ಬರೆಯುವವರು, ಜಿ.ಎಸ್.ಟಿ. ಕಟ್ಟುವವರು, ಸರಕಿನ ಲೆಕ್ಕ ಇಡುವವರು ಬೇಕು. ನೆಲಮಂಗಲ, ಹೊಸಕೋಟೆಯ ಕಡೆ ಗೋದಾಮುಗಳಿವೆ, ದೇವನಹಳ್ಳಿಯ ಕಡೆ ವಿಮಾನದ ಬಿಡಿಭಾಗಗಳ ಕಾರ್ಖಾನೆಗಳಿವೆ.

ಬಿ.ಕಾಂ. ಓದಿದವರು ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಇನ್ನೊಂದಿದೆ. ವಿದೇಶಿ ಬ್ಯಾಂಕು, ವಿಮೆ, ಚಿಲ್ಲರೆ ವ್ಯಾಪಾರದ ದೊಡ್ಡ ಕಂಪನಿಗಳು ತಮ್ಮ ಒಳಗಿನ ಕೆಲಸವನ್ನು ಮಾಡಿಸಿಕೊಳ್ಳಲು ನಡೆಸುವ ಕೇಂದ್ರಗಳು ದೇಶದಲ್ಲಿ ಅತಿ ಹೆಚ್ಚು ಇರುವುದು ಈ ಊರಿನಲ್ಲಿ. ಅವುಗಳ ಬೋರ್ಡು ನೋಡಿ ಜನ ಐ.ಟಿ. ಎಂದುಕೊಳ್ಳುತ್ತಾರೆ. ಒಳಗೆ ಕೂತವರಲ್ಲಿ ಬೇಕಾದಷ್ಟು ಮಂದಿ ಲೆಕ್ಕಿಗರು.

ಎಂಟು ತಿಂಗಳಲ್ಲಿ ಇನ್ನೂರು ಕಡೆ ಅರ್ಜಿ ಹಾಕಿದ್ದೇನೆ. ಒಂದೂ ಕರೆ ಬಂದಿಲ್ಲ. ನನ್ನಲ್ಲೇನು ದೋಷ?

ನಿಮ್ಮಲ್ಲಿ ದೋಷವಿದೆಯೋ ಇಲ್ಲವೋ ಎಂದು ನೋಡುವಷ್ಟು ಹೊತ್ತೇ ಆಚೆ ಕಡೆಯವರಿಗೆ ಸಿಕ್ಕಿರುವುದಿಲ್ಲ. ನಾನು ಒಂದು ಹುದ್ದೆಗೆ ಜಾಹೀರಾತು ಕೊಟ್ಟರೆ ಸಂಜೆಯೊಳಗೆ ನೂರಾರು ಅರ್ಜಿ ಬಂದು ಬೀಳುತ್ತವೆ. ಮೊದಲ ಐವತ್ತು ಅರವತ್ತರಲ್ಲಿ ನಾಲ್ಕು ಜನ ಸರಿಯಾದವರು ಸಿಕ್ಕರೆ ಉಳಿದವನ್ನು ತೆರೆಯುವುದೇ ಇಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೆ ನಡೆಯುವುದು ಹೀಗೆಯೇ.

ಇನ್ನೊಂದು ಗುಟ್ಟು ಹೇಳುತ್ತೇನೆ. ಮೇಜಿನ ಆಚೆ ಕೂತವನು ಗಂಭೀರವಾಗಿ ಕಂಡರೂ ಒಳಗೊಳಗೆ ಹೆದರಿರುತ್ತಾನೆ. ತಪ್ಪು ಆಯ್ಕೆ ಮಾಡಿದರೆ ಆರು ತಿಂಗಳು ಹಾಳು, ಮೇಲಿನವರಿಂದ ಬೈಗುಳ, ಮತ್ತೆ ಮೊದಲಿನಿಂದ ಹುಡುಕಾಟ. ಆದ್ದರಿಂದ ಅವನು ಅತಿ ಬುದ್ಧಿವಂತನನ್ನು ಹುಡುಕುವುದಕ್ಕಿಂತ ಹೆಚ್ಚಾಗಿ ತನ್ನ ಭಯ ಕಡಿಮೆ ಮಾಡುವವನನ್ನು ಹುಡುಕುತ್ತಾನೆ. ಇನ್ನೂರು ಕಡೆ ಹೋದ ಒಂದೇ ಕಾಗದ ಯಾರ ಭಯವನ್ನೂ ಕಡಿಮೆ ಮಾಡುವುದಿಲ್ಲ. ವಾರಕ್ಕೆ ಐದೇ ಅರ್ಜಿ ಹಾಕಿ. ಜಾಹೀರಾತು ಬಂದ ದಿನವೇ ಹಾಕಿ. ಅವರು ಕೇಳಿದ ಮೂರು ಮುಖ್ಯ ವಿಷಯಗಳನ್ನು ನೀವು ಎಲ್ಲಿ ಮಾಡಿದ್ದೀರಿ ಎಂಬುದು ರೆಸ್ಯೂಮೆಯ ಮೇಲ್ಭಾಗದಲ್ಲೇ ಕಾಣುವಂತಿರಲಿ. ನೌಕರಿ ತಾಣಗಳಲ್ಲಿ ಪ್ರೊಫೈಲ್ ಇಟ್ಟಿದ್ದರೆ ವಾರಕ್ಕೊಮ್ಮೆ ಏನಾದರೂ ತಿದ್ದಿ ಉಳಿಸಿ. ಇತ್ತೀಚೆಗೆ ಓಡಾಡಿದ ಪ್ರೊಫೈಲ್‌ಗಳನ್ನು ಮೊದಲು ಸೋಸಿ ನೋಡುವುದು ನಮ್ಮ ರೂಢಿ.

ಯುವನಿಧಿ ತೆಗೆದುಕೊಂಡರೆ ಮುಂದೆ ಕೆಲಸಕ್ಕೆ ತೊಂದರೆಯಾಗುತ್ತದೆಯೇ?

ಆಗುವುದಿಲ್ಲ. ಅದು ರಾಜ್ಯ ಸರ್ಕಾರ ಕೊಡುವ ನಿರುದ್ಯೋಗ ಭತ್ಯೆ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ಗರಿಷ್ಠ ಎರಡು ವರ್ಷ ಕೊಡುತ್ತಾರೆ. ಅರ್ಜಿ ಸರ್ಕಾರದ ಸೇವಾಸಿಂಧು ತಾಣದ ಮೂಲಕ. ಕೆಲಸ ಸಿಕ್ಕ ಮೇಲೆ ತಿಳಿಸಿ ನಿಲ್ಲಿಸಬೇಕು. ಉನ್ನತ ವ್ಯಾಸಂಗ ಮುಂದುವರಿಸುತ್ತಿರುವವರಿಗೆ ಸಿಗುವುದಿಲ್ಲ.

## ಕಾಗದ, ಪರಿಚಯ, ಭಾಷೆ

ನನಗೆ ಅನುಭವವೇ ಇಲ್ಲ. ರೆಸ್ಯೂಮೆಯಲ್ಲಿ ಏನು ಬರೆಯಲಿ?

ತಿಪಟೂರಿನಿಂದ ಬಂದ ಹುಡುಗಿಯೊಬ್ಬಳ ರೆಸ್ಯೂಮೆ ನೆನಪಾಗುತ್ತದೆ. ಎರಡು ಪುಟ. ಮೊದಲ ಸಾಲಿನಲ್ಲಿ ‘ಸವಾಲಿನ ವಾತಾವರಣದಲ್ಲಿ ನನ್ನ ಪ್ರತಿಭೆ ಬೆಳಗಿಸುವ ಹಂಬಲ’. ಕೊನೆಯಲ್ಲಿ ತಂದೆಯ ಹೆಸರು, ಧರ್ಮ, ಹವ್ಯಾಸ: ಸಂಗೀತ ಕೇಳುವುದು. ನಡುವೆ ಅಂಕಗಳು. ‘ಕಾಲೇಜು ಬಿಟ್ಟ ಮೇಲೆ ಮನೆಯಲ್ಲಿ ಏನು ಮಾಡುತ್ತಿದ್ದೆ?’ ಎಂದು ಕೇಳಿದೆ. ‘ಏನಿಲ್ಲ ಸರ್, ಸೋದರಮಾವನ ಕೊಬ್ಬರಿ ಮಂಡಿಯಲ್ಲಿ ಕೂರುತ್ತಿದ್ದೆ’ ಎಂದಳು. ಕೆದಕಿದರೆ ಏನು ಹೊರಬಂತು ಗೊತ್ತೇ? ಹರಾಜಿನ ದಿನ ಸುಮಾರು ನಲವತ್ತು ಬಿಲ್ಲು ಮಾಡುತ್ತಿದ್ದಳು. ಪುಸ್ತಕದಲ್ಲಿದ್ದ ಲೆಕ್ಕವನ್ನು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶಕ್ಕೆ ಏರಿಸಿದವಳು ಅವಳೇ. ಹಾಗೆ ಏರಿಸುವಾಗ ಒಬ್ಬ ವ್ಯಾಪಾರಿಯಿಂದ ಬರಬೇಕಿದ್ದ ಹಳೆಯ ಬಾಕಿಯನ್ನೂ ಹಿಡಿದಿದ್ದಳು.

ಅವಳ ಹೊಸ ರೆಸ್ಯೂಮೆ ಒಂದೇ ಪುಟ. ಅದರಲ್ಲಿ ಮೊದಲ ಜಾಗ ಮಂಡಿಗೆ: ಎಷ್ಟು ತಿಂಗಳು, ದಿನಕ್ಕೆ ಎಷ್ಟು ಬಿಲ್ಲು, ಯಾವ ತಂತ್ರಾಂಶ, ಸಿಕ್ಕ ಬಾಕಿ ಎಷ್ಟು. ಧರ್ಮ, ಹವ್ಯಾಸ, ಪ್ರತಿಭೆ ಬೆಳಗಿಸುವ ಹಂಬಲ ಮೂರೂ ಹೋದವು. ಮುಂದಿನ ಸಂದರ್ಶನದಲ್ಲಿ ಅರ್ಧ ಗಂಟೆ ಕೊಬ್ಬರಿಯ ಬಗ್ಗೆಯೇ ಮಾತಾಯಿತಂತೆ. ಈಗ ಯಶವಂತಪುರದ ಒಂದು ಸಗಟು ವ್ಯಾಪಾರದ ಕಚೇರಿಯಲ್ಲಿದ್ದಾಳೆ.

ಅಪ್ಪನ ಅಂಗಡಿ, ಹಾಲಿನ ಡೇರಿ, ಗಣೇಶೋತ್ಸವದ ಚಂದಾ ಲೆಕ್ಕ, ಟ್ಯೂಷನ್ ಹೇಳಿದ್ದು ಎಲ್ಲವೂ ಅನುಭವವೇ. ಸಂಖ್ಯೆ ಹಾಕಿ ಬರೆಯಿರಿ. ಅಂದಹಾಗೆ, ಕಡತಕ್ಕೆ ‘ಹೊಸದು ಫೈನಲ್ 3’ ಎಂದು ಹೆಸರಿಟ್ಟು ಕಳುಹಿಸಬೇಡಿ. ನಿಮ್ಮ ಹೆಸರು ಮತ್ತು ಹುದ್ದೆ ಸಾಕು.

ರೆಸ್ಯೂಮೆಯನ್ನು ಮನುಷ್ಯರು ಓದುವುದೇ ಇಲ್ಲ, ಯಂತ್ರವೇ ಎಸೆಯುತ್ತದೆ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ದೊಡ್ಡ ಕಂಪನಿಗಳಲ್ಲಿ ಅರ್ಜಿಗಳೆಲ್ಲ ಒಂದು ತಂತ್ರಾಂಶಕ್ಕೆ ಹೋಗುತ್ತವೆ. ನಾವು ಅದರಲ್ಲಿ ಪದಗಳನ್ನು ಹಾಕಿ ಹುಡುಕುತ್ತೇವೆ: ಟ್ಯಾಲಿ, ಜಾವಾ, ವೆಲ್ಡಿಂಗ್, ಎಕ್ಸೆಲ್. ನೋಟಿಸ್ ಅವಧಿ (ರಾಜೀನಾಮೆ ಕೊಟ್ಟ ಮೇಲೂ ಹಳೆಯ ಕಡೆ ದುಡಿಯಬೇಕಾದ ದಿನಗಳು), ಊರು, ಕೇಳುವ ಸಂಬಳ ಇವನ್ನೂ ಜರಡಿಗೆ ಹಾಕುತ್ತೇವೆ. ಜಾಹೀರಾತಿನಲ್ಲಿರುವ ಪದ ನಿಮಗೆ ನಿಜವಾಗಿಯೂ ಬರುವ ಕೆಲಸದ್ದಾದರೆ ಅದೇ ಪದವನ್ನು ಬಳಸಿ. ಎರಡು ಕಾಲಂ, ಬಣ್ಣದ ಪಟ್ಟಿ, ಫೋಟೊ, ನೈಪುಣ್ಯವನ್ನು ನಕ್ಷತ್ರಗಳಲ್ಲಿ ತೋರಿಸುವ ಅಲಂಕಾರ ಬೇಡ. ಯಂತ್ರಕ್ಕೆ ಅವು ಗೊಂದಲ, ಮನುಷ್ಯನಿಗೆ ಕಿರಿಕಿರಿ.

ಎ.ಐ. ಬಳಸಿ ಬರೆಸಬಹುದೇ ಎಂದೂ ಕೇಳುತ್ತಾರೆ. ವ್ಯಾಕರಣ ತಿದ್ದಿಸಿಕೊಳ್ಳಿ, ತಪ್ಪೇನಿಲ್ಲ. ಪೂರ್ತಿ ಅದರಿಂದಲೇ ಬರೆಸಿದ ಹತ್ತು ಅರ್ಜಿಗಳು ಒಂದೇ ದಿನ ನನ್ನ ಮುಂದೆ ಬಂದರೆ ಹತ್ತೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ.

ದೊಡ್ಡ ಕಂಪನಿಗಳಲ್ಲಿ ನನಗೆ ಯಾರೂ ಪರಿಚಯವಿಲ್ಲ. ರೆಫರಲ್ ಯಾರನ್ನು ಕೇಳಲಿ?

ರೆಫರಲ್ ಎಂದರೆ ಶಿಫಾರಸು, ವಶೀಲಿಬಾಜಿ ಎಂದು ಮುಖ ಸಿಂಡರಿಸುವವರಿದ್ದಾರೆ. ಅದು ನಿಮಗೆ ಕೆಲಸ ಕೊಡಿಸುವುದಿಲ್ಲ. ‘ಈ ಕಾಗದವನ್ನೊಮ್ಮೆ ತೆರೆದು ನೋಡಿ’ ಎಂದು ಒಳಗಿನವರೊಬ್ಬರು ಹೇಳುವುದು, ಅಷ್ಟೇ. ಗೊತ್ತಿರುವವರು ತಂದವನೆಂದರೆ ಆರಿಸುವವನ ಭಯ ಕಾಲು ಭಾಗ ಇಳಿಯುತ್ತದೆ. ಬಹಳ ಕಂಪನಿಗಳು ರೆಫರಲ್ ಕೊಟ್ಟು ಸೇರಿದವರಿದ್ದರೆ ಆ ಉದ್ಯೋಗಿಗೆ ಹಣವನ್ನೂ ಕೊಡುತ್ತವೆ. ಆದ್ದರಿಂದ ಕೇಳಲು ಸಂಕೋಚ ಬೇಡ.

ಯಾರನ್ನು ಕೇಳಬೇಕು? ನಿಮ್ಮ ಕಾಲೇಜಿನಲ್ಲಿ ಎರಡು ಮೂರು ವರ್ಷ ಹಿಂದೆ ಓದಿದವರನ್ನು. ಹತ್ತು ವರ್ಷ ಹಿರಿಯರು ಪತ್ರ ನೋಡುವುದಿಲ್ಲ. ಮೂರು ವರ್ಷ ಹಿರಿಯರಿಗೆ ತಮ್ಮ ಅಲೆದಾಟ ಇನ್ನೂ ಮರೆತಿರುವುದಿಲ್ಲ. ‘ಸರ್ ಯಾವುದಾದರೂ ಕೆಲಸವಿದ್ದರೆ ಹೇಳಿ’ ಎಂದು ಬರೆದರೆ ಉತ್ತರ ಬರುವುದಿಲ್ಲ, ಏಕೆಂದರೆ ಹುಡುಕುವ ಕೆಲಸವನ್ನು ನೀವು ಅವರ ತಲೆಗೆ ಕಟ್ಟಿದಂತಾಯಿತು. ಹೀಗೆ ಬರೆಯಿರಿ: ‘ನಮಸ್ಕಾರ. ನಾನು ನಿಮ್ಮದೇ ಕಾಲೇಜಿನಲ್ಲಿ ಈ ವರ್ಷ ಬಿ.ಕಾಂ. ಮುಗಿಸಿದೆ. ನಿಮ್ಮ ಕಂಪನಿಯ ತಾಣದಲ್ಲಿ ಲೆಕ್ಕಪತ್ರ ಸಹಾಯಕರ ಹುದ್ದೆ ನೋಡಿದೆ, ಸಂಖ್ಯೆ ಕೆಳಗಿದೆ. ಒಂದು ವರ್ಷ ಟ್ಯಾಲಿಯಲ್ಲಿ ಕೆಲಸ ಮಾಡಿದ್ದೇನೆ. ರೆಸ್ಯೂಮೆ ಲಗತ್ತಿಸಿದ್ದೇನೆ. ನಿಮಗೆ ಸರಿ ಎನಿಸಿದರೆ ರೆಫರ್ ಮಾಡುತ್ತೀರಾ? ಆಗದಿದ್ದರೂ ಪರವಾಗಿಲ್ಲ.’ ಕೊನೆಯ ವಾಕ್ಯವನ್ನು ಬಿಡಬೇಡಿ. ಇಲ್ಲ ಎನ್ನಲು ದಾರಿ ಕೊಟ್ಟವರಿಗೆ ಜನ ಹೂಂ ಎನ್ನುತ್ತಾರೆ.

ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಸಂದರ್ಶನದಲ್ಲಿ ಇಂಗ್ಲಿಷ್ ತಡವರಿಸುತ್ತದೆ. ಏನು ಮಾಡಲಿ?

ಇದು ಅತಿ ಹೆಚ್ಚು ಸಲ ಬರುವ ಪ್ರಶ್ನೆ, ಹೆಚ್ಚಾಗಿ ಎಲ್ಲರೂ ಎದ್ದು ಹೋದ ಮೇಲೆ, ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೇಳುವ ಪ್ರಶ್ನೆ.

ಚಳ್ಳಕೆರೆಯ ಒಬ್ಬ ಡಿಪ್ಲೊಮಾ ಹುಡುಗನ ಜೊತೆ ಅಣಕು ಸಂದರ್ಶನ ನಡೆಸುತ್ತಿದ್ದೆ. ಗೇರ್‌ಬಾಕ್ಸ್ ಬಗ್ಗೆ ಇಂಗ್ಲಿಷಿನಲ್ಲಿ ಕೇಳಿದೆ. ಅವನ ಕಣ್ಣು ಫ್ಯಾನಿಗೆ ಹೋಯಿತು, ಕೈ ತೊಡೆಯ ಮೇಲೆ ಒತ್ತಿಕೊಂಡಿತು, ಬಾಯಿಂದ ಒಂದು ಶಬ್ದವಿಲ್ಲ. ಒಂದು ಹಾಳೆ, ಪೆನ್ಸಿಲ್ ಮುಂದಿಟ್ಟೆ. ಚಕ್ರ ಬರೆದ, ಹಲ್ಲು ಬರೆದ, ಇನ್ನೊಂದು ಚಿಕ್ಕ ಚಕ್ರ ಬರೆದ. ಬರೆಯುತ್ತಾ ಬರೆಯುತ್ತಾ ‘ಸ್ಮಾಲ್ ಗೇರ್, ಮೋರ್ ಸ್ಪೀಡ್, ಲೆಸ್ ಟಾರ್ಕ್’ ಎಂದ. ಪೂರ್ತಿ ವಾಕ್ಯವಲ್ಲ, ಆದರೆ ಪೂರ್ತಿ ಉತ್ತರ. ಅಂದಿನಿಂದ ತಾಂತ್ರಿಕ ಕೆಲಸಕ್ಕೆ ಹೋಗುವ ಎಲ್ಲರಿಗೂ ಹೇಳುತ್ತೇನೆ: ಕಾಗದ ಕೇಳಿ, ಬರೆದು ತೋರಿಸಿ.

ಗ್ರಾಹಕರೊಡನೆ ಫೋನಿನಲ್ಲಿ ಮಾತನಾಡುವ ಕೆಲಸಕ್ಕೆ ನಿರರ್ಗಳ ಇಂಗ್ಲಿಷ್ ಬೇಕೇ ಬೇಕು, ಅದರಲ್ಲಿ ರಿಯಾಯಿತಿಯಿಲ್ಲ. ಉಳಿದ ಕೆಲಸಗಳಿಗೆ ನಿಮ್ಮ ಕೆಲಸದ ಬಗ್ಗೆ ಮಾತನಾಡುವಷ್ಟು ಬಂದರೆ ಸಾಕು. ನೀವು ಮಾಡಿದ ಹತ್ತು ಕೆಲಸಗಳನ್ನು ಪಟ್ಟಿ ಮಾಡಿ. ಒಂದೊಂದನ್ನೂ ಐದು ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ ಮೊಬೈಲಿನಲ್ಲಿ ದಾಖಲಿಸಿ, ಕೇಳಿ. ಮೊದಲ ದಿನ ನಿಮ್ಮ ದನಿ ನಿಮಗೇ ಹಿಂಸೆಯಾಗುತ್ತದೆ. ಮೂರು ವಾರ ಬಿಡದೆ ಮಾಡಿದವರಲ್ಲಿ ಬದಲಾವಣೆ ಕಂಡಿದ್ದೇನೆ. ಪ್ರಶ್ನೆ ತಿಳಿಯದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳುವುದರಿಂದ ಅಂಕ ಕಡಿಮೆಯಾಗುವುದಿಲ್ಲ. ತಿಳಿಯದೆಯೇ ಎರಡು ನಿಮಿಷ ಬೇರೇನನ್ನೋ ಹೇಳಿದರೆ ಕಡಿಮೆಯಾಗುತ್ತದೆ.

ಕನ್ನಡಿಗರಿಗೆ ಖಾಸಗಿ ಕೆಲಸದಲ್ಲಿ ಮೀಸಲಾತಿ ಬಂತಲ್ಲ, ಅದನ್ನು ಹೇಗೆ ಕೇಳಬೇಕು?

ಬಂದಿಲ್ಲ. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟವು ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಕೂಗೆಬ್ಬಿಸಿದ ಮೇಲೆ ಎರಡೇ ದಿನದಲ್ಲಿ ಅದನ್ನು ತಡೆಹಿಡಿಯಲಾಯಿತು. ಸರೋಜಿನಿ ಮಹಿಷಿ ಸಮಿತಿ ವರದಿ ಕೊಟ್ಟಿದ್ದು 1986ರಲ್ಲಿ. ಆಗಿನಿಂದಲೂ ಈ ಚರ್ಚೆ ಏಳುತ್ತದೆ, ಮಲಗುತ್ತದೆ. ನೀವು ಸಂದರ್ಶನದಲ್ಲಿ ಇದನ್ನು ಎತ್ತಿ ಪ್ರಯೋಜನವಿಲ್ಲ. ಆದರೆ ಕನ್ನಡ ಓದು ಬರಹ ಚೆನ್ನಾಗಿ ಬರುತ್ತದೆ ಎಂಬುದನ್ನು ರೆಸ್ಯೂಮೆಯಲ್ಲಿ ಬರೆಯಿರಿ. ಬ್ಯಾಂಕು, ಆಸ್ಪತ್ರೆ, ಸಾಲ ವಸೂಲಿ, ಗ್ರಾಮೀಣ ಮಾರಾಟ, ಸರ್ಕಾರಿ ಕಚೇರಿಗಳೊಡನೆ ವ್ಯವಹರಿಸುವ ಕಂಪನಿಗಳಿಗೆ ಅದು ಸಾಮಾನ್ಯ ಗುಣವಲ್ಲ.

## ಮೋಸ, ಕೋರ್ಸು, ಸುಳ್ಳು

ಕೆಲಸ ಖಚಿತ, ಮೊದಲು ಹದಿನೈದು ಸಾವಿರ ಕಟ್ಟಿ ಎನ್ನುತ್ತಿದ್ದಾರೆ. ಕಟ್ಟಲೇ?

ಬೇಡ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ಸಮವಸ್ತ್ರ, ತರಬೇತಿ, ಹೆಸರು ಏನೇ ಇರಲಿ, ಕೆಲಸಕ್ಕೆ ಮುಂಚೆ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಒಳ್ಳೆಯ ಕನ್ಸಲ್ಟೆನ್ಸಿಗಳಿಗೆ ದುಡ್ಡು ಕೊಡುವುದು ಕಂಪನಿ. ಆಫರ್ ಲೆಟರ್ ಬಂದಿದ್ದರೆ ಕಳುಹಿಸಿದ ಇಮೇಲ್ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ, ಕಂಪನಿಯ ಸ್ವಂತ ತಾಣದಲ್ಲಿರುವ ಸಂಖ್ಯೆಗೆ ಕರೆ ಮಾಡಿ ಕೇಳಿ.

ಟೆಲಿಗ್ರಾಂನಲ್ಲಿ ಹೋಟೆಲಿಗೆ ರೇಟಿಂಗ್ ಕೊಡುವ ‘ಮನೆಯಿಂದಲೇ ಕೆಲಸ’ ಇನ್ನೊಂದು ಬಲೆ. ಮೊದಲೆರಡು ದಿನ ನೂರಿನ್ನೂರು ನಿಜವಾಗಿಯೂ ಖಾತೆಗೆ ಬರುತ್ತದೆ. ಗಾಳಕ್ಕೆ ಸಿಕ್ಕಿಸಿದ ಎರೆಹುಳು ಅದು. ಮೂರನೆಯ ದಿನ ದೊಡ್ಡ ‘ಟಾಸ್ಕ್’ಗೆ ನೀವೇ ಹಣ ಹಾಕಬೇಕು. ಹಾಕಿಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ಖಾತೆಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಎಂದು ನಂಬಿಸಿ ಮ್ಯಾನ್ಮಾರ್, ಕಾಂಬೋಡಿಯಾಗಳ ವಂಚನಾ ಕೇಂದ್ರಗಳಿಗೆ ಹುಡುಗರನ್ನು ಸಾಗಿಸಿದ ಪ್ರಕರಣಗಳು ನಡೆದಿವೆ. ವಿದೇಶದ ಕೆಲಸವಾದರೆ ಏಜೆಂಟರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ಎಂದು ನೋಡದೆ ಪಾಸ್‌ಪೋರ್ಟ್ ಕೈಗಿಡಬೇಡಿ.

ಮಾರತ್‌ಹಳ್ಳಿಯಲ್ಲಿ ಕೋರ್ಸು ಸೇರಿದರೆ ಕೆಲಸ ಗ್ಯಾರಂಟಿಯಂತೆ. ಸೇರಲೇ?

ಕಲಿಯಲು ಸೇರಿ, ಗ್ಯಾರಂಟಿಗಾಗಿ ಸೇರಬೇಡಿ. ಹಣ ಕಟ್ಟುವ ಮೊದಲು ಹಿಂದಿನ ತಂಡದ ಮೂವರ ಜೊತೆ ನೀವೇ ಮಾತನಾಡಿ. ಸಂಸ್ಥೆಯವರು ಆರಿಸಿಕೊಟ್ಟ ಮೂವರಾದರೆ ಲೆಕ್ಕಕ್ಕಿಲ್ಲ. ಕೆಳಗಿನ ಚಹಾ ಅಂಗಡಿಯಲ್ಲಿ ನಿಂತಿರುವವರು ಬೇಕು.

ಯಂತ್ರದ ಕೆಲಸದಲ್ಲಿ ಆಸಕ್ತಿಯಿದ್ದವರಿಗೆ ರಾಜಾಜಿನಗರದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರವಿದೆ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದದ್ದು, ಇತರ ಊರುಗಳಲ್ಲೂ ಶಾಖೆಗಳಿವೆ. ಇಂಥ ಕಡೆ ಕಲಿತವರನ್ನು ಪೀಣ್ಯದವರು ಕರೆದು ಕೂರಿಸುತ್ತಾರೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ನಡೆಯುವ ಶಿಶಿಕ್ಷುತನವನ್ನೂ ನಮ್ಮ ಹುಡುಗರು ಕಡೆಗಣಿಸುತ್ತಾರೆ. ಸ್ಟೈಪೆಂಡ್ ಕಡಿಮೆ ನಿಜ, ಆದರೆ ಎಚ್.ಎ.ಎಲ್., ಬಿ.ಇ.ಎಲ್.ನಂಥ ಕಡೆ ಕಲಿತೆ ಎಂಬ ಒಂದು ಸಾಲಿಗೆ ರೆಸ್ಯೂಮೆಯಲ್ಲಿ ತೂಕವಿದೆ.

ಎರಡು ವರ್ಷದ ಅನುಭವ ಪತ್ರ ಮಾಡಿಸಿಕೊಡುತ್ತಾರಂತೆ. ಎಲ್ಲರೂ ಮಾಡುತ್ತಾರಲ್ಲ?

ಎಲ್ಲರೂ ಮಾಡುವುದಿಲ್ಲ, ಮಾಡಿದವರು ಸಿಕ್ಕಿಬೀಳುತ್ತಾರೆ. ಭವಿಷ್ಯನಿಧಿಯ ಯು.ಎ.ಎನ್. ಸಂಖ್ಯೆಯಲ್ಲಿ ನೀವು ಎಲ್ಲಿ, ಯಾವ ದಿನದಿಂದ ಯಾವ ದಿನದವರೆಗೆ ಇದ್ದಿರಿ ಎಂಬ ದಾಖಲೆಯಿರುತ್ತದೆ. ಹಿನ್ನೆಲೆ ಪರಿಶೀಲನೆಯವರು ಮೊದಲು ನೋಡುವುದು ಅದನ್ನು. ಸೇರಿ ಮೂರು ತಿಂಗಳಾದ ಮೇಲೆ ವರದಿ ಬಂದು ಸಂಜೆಯೊಳಗೆ ಹೊರಗೆ ಕಳುಹಿಸಿದ್ದನ್ನು ನೋಡಿದ್ದೇನೆ. ಆ ಹುಡುಗ ಕೆಲಸದಲ್ಲಿ ಚೆನ್ನಾಗಿಯೇ ಇದ್ದ.

## ಸಂದರ್ಶನ ಮತ್ತು ಸಂಬಳ

‘ನಿಮ್ಮ ಬಗ್ಗೆ ಹೇಳಿ’ ಎಂದಾಗ ಎಲ್ಲಿಂದ ಶುರು ಮಾಡಲಿ?

ಹುಟ್ಟಿದ ಊರಿನಿಂದ ಬೇಡ. ಈಗ ಏನು ಮಾಡುತ್ತಿದ್ದೀರಿ, ಅದರಲ್ಲಿ ಹೇಳಿಕೊಳ್ಳುವಂಥ ಒಂದು ಕೆಲಸ ಯಾವುದು, ಈ ಹುದ್ದೆ ನಿಮಗೇಕೆ ಹೊಂದುತ್ತದೆ. ಒಂದೂವರೆ ನಿಮಿಷ. ಹೇಳಿಕೊಳ್ಳುವಂಥ ಕೆಲಸವೆಂದರೆ ಕಥೆಯಂತೆ ಹೇಳಿ: ಏನು ತೊಂದರೆಯಿತ್ತು, ನೀವು ಏನು ಮಾಡಿದಿರಿ, ಆಮೇಲೆ ಏನಾಯಿತು. ‘ನಾವು ಮಾಡಿದೆವು’ ಎಂದೇ ಹೇಳುತ್ತಾ ಹೋದರೆ ನಾನು ‘ಅದರಲ್ಲಿ ನಿಮ್ಮ ಪಾಲು ಎಷ್ಟು?’ ಎಂದು ಕೇಳಿಯೇ ಕೇಳುತ್ತೇನೆ. ಅಲ್ಲಿ ಬಹಳ ಜನ ಅಡ್ಡಗೋಡೆಯ ಮೇಲೆ ದೀಪ ಇಡುತ್ತಾರೆ.

ಸಂದರ್ಶನ ಚೆನ್ನಾಗಿಯೇ ಆಯಿತು. ಮೂರು ವಾರವಾದರೂ ಸುದ್ದಿಯಿಲ್ಲ. ಕೇಳಬಹುದೇ?

ಕೇಳಿ. ಒಂದು ವಾರವಾದ ಮೇಲೆ ಒಮ್ಮೆ, ಎರಡು ವಾರವಾದ ಮೇಲೆ ಇನ್ನೊಮ್ಮೆ, ಹೀಗೆ ಎರಡು ಸಲ, ಎರಡೆರಡು ಸಾಲಿನ ಇಮೇಲ್. ಆಮೇಲೆ ಬಿಟ್ಟುಬಿಡಿ. ಉತ್ತರ ಕೊಡದಿರುವುದು ನಮ್ಮ ವೃತ್ತಿಯ ಕೆಟ್ಟ ಚಾಳಿ, ಅದಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ. ಹುದ್ದೆಯೇ ರದ್ದಾಗಿರಬಹುದು, ಮೊದಲು ಆಯ್ಕೆಯಾದವನು ಇನ್ನೂ ಹೂಂ ಉಹೂಂ ಎನ್ನದೆ ಕೂತಿರಬಹುದು. ಅದರ ನಡುವೆ ಇನ್ನೊಂದು ಕಡೆ ಹೋಗುವುದನ್ನು ನಿಲ್ಲಿಸಬೇಡಿ.

ವರ್ಷಕ್ಕೆ ಆರು ಲಕ್ಷ ಎಂದರು. ತಿಂಗಳಿಗೆ ಐವತ್ತು ಸಾವಿರ ಕೈಗೆ ಬರುತ್ತದೆ ತಾನೇ?

ಬರುವುದಿಲ್ಲ. ಅವರು ಹೇಳಿದ್ದು ಸಿ.ಟಿ.ಸಿ., ಅಂದರೆ ಕಂಪನಿಗೆ ನಿಮ್ಮಿಂದಾಗುವ ಖರ್ಚು, ನಿಮ್ಮ ಸಂಬಳವಲ್ಲ. ಒಂದು ಉದಾಹರಣೆ ಬಿಡಿಸುತ್ತೇನೆ. ತಿಂಗಳಿಗೆ 50,000 ಎಂದುಕೊಳ್ಳಿ. ಅದರಲ್ಲಿ ಮೂಲವೇತನ 25,000. ಕಂಪನಿ ಕಟ್ಟುವ ಭವಿಷ್ಯನಿಧಿ ಶೇ 12 ಎಂದರೆ 3,000. ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದು ಬಿಡುವಾಗ ಸಿಗುವ ಹಣ) ಲೆಕ್ಕದಲ್ಲಿ ಶೇ 4.81, ಸುಮಾರು 1,200. ‘ವೇರಿಯಬಲ್’ ಎಂದು, ಅಂದರೆ ಪ್ರತಿ ತಿಂಗಳು ಕೊಡದೆ ಕೆಲಸ ನೋಡಿ ಆಮೇಲೆ ಕೊಡುವ ಭಾಗವೆಂದು, ಶೇ 10 ಎತ್ತಿಟ್ಟರೆ 5,000. ವಿಮೆಗೆ 500. ಉಳಿಯಿತು 40,300. ಇದರಿಂದ ನಿಮ್ಮ ಪಾಲಿನ ಭವಿಷ್ಯನಿಧಿ 3,000, ವೃತ್ತಿ ತೆರಿಗೆ 200 ಹೋದರೆ ಕೈಗೆ 37,100. ಕೆಲವು ಕಂಪನಿಗಳು ಭವಿಷ್ಯನಿಧಿಯನ್ನು 15,000ದ ಮಿತಿಗೆ ಮಾತ್ರ ಲೆಕ್ಕ ಹಾಕಿ 1,800 ಹಿಡಿಯುತ್ತವೆ, ಆಗ ಕೈಗೆ ಸ್ವಲ್ಪ ಹೆಚ್ಚು ಬರುತ್ತದೆ.

ಆದ್ದರಿಂದ ಆಫರ್ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ‘ಪ್ರತಿ ತಿಂಗಳು ಖಾತೆಗೆ ಎಷ್ಟು ಬೀಳುತ್ತದೆ, ವೇರಿಯಬಲ್ ಎಷ್ಟು, ಕಳೆದ ವರ್ಷ ಅದರಲ್ಲಿ ಎಷ್ಟು ಕೊಟ್ಟಿರಿ?’ ಒಂದಲ್ಲ, ಮೂರಾದವು, ಇರಲಿ.

## ಈಗಾಗಲೇ ಕೆಲಸದಲ್ಲಿರುವವರಿಗೆ, ಕಳೆದುಕೊಂಡವರಿಗೆ

ನನ್ನದು ತೊಂಬತ್ತು ದಿನದ ನೋಟಿಸ್. ಯಾರೂ ಅಷ್ಟು ಕಾಯಲು ತಯಾರಿಲ್ಲ.

ರಾಜೀನಾಮೆ ಕೊಟ್ಟು ಆಮೇಲೆ ಹುಡುಕಿ ಎಂದು ಗೆಳೆಯರು ಹೇಳುತ್ತಾರೆ. ಸ್ಪರ್ಧೆ ಬಿರುಸಾಗಿರುವ ಕಾಲದಲ್ಲಿ ನಾನು ಅದನ್ನು ಹೇಳಲಾರೆ. ಮೊದಲು ನಿಮ್ಮ ನೇಮಕ ಪತ್ರ ತೆಗೆದು ಓದಿ. ಉಳಿದ ದಿನಗಳ ಸಂಬಳ ಕಟ್ಟಿ ಹೊರಬರಲು ಅವಕಾಶವಿದೆಯೇ, ಬಾಕಿ ರಜೆಯನ್ನು ಅದಕ್ಕೆ ಹೊಂದಿಸುತ್ತಾರೆಯೇ ನೋಡಿ. ಹೊಸ ಕಂಪನಿಗೆ ನೀವು ತುಂಬ ಬೇಕಾಗಿದ್ದರೆ ಆ ಹಣವನ್ನು ಅವರೇ ಕೊಡುವುದೂ ಉಂಟು. ಗೆಳೆಯರ ಮಾತು ಕೇಳಿ, ಕಂಪನಿಗೆ ಹೇಳದೆ ಕೇಳದೆ ಹೊರಬಂದು ಬಿಡುಗಡೆ ಪತ್ರ ಕಳೆದುಕೊಳ್ಳಬೇಡಿ.

ಎರಡು ವರ್ಷದ ಬಾಂಡ್‌ಗೆ ಸಹಿ ಕೇಳುತ್ತಿದ್ದಾರೆ. ಇದು ಕಾನೂನಿನಲ್ಲಿ ನಡೆಯುತ್ತದೆಯೇ?

ಎರಡು ವಿಷಯಗಳನ್ನು ಬೇರೆ ಮಾಡಿ ನೋಡಬೇಕು. ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು ಎಂಬ ಷರತ್ತು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಇಷ್ಟು ವರ್ಷ ಇರಬೇಕು, ಇಲ್ಲವಾದರೆ ಇಷ್ಟು ಹಣ ಕಟ್ಟಬೇಕು ಎಂಬುದು ಬೇರೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ವಲಯದ ಬ್ಯಾಂಕೊಂದರ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ ಎರಡು ಲಕ್ಷ ರೂಪಾಯಿ ಎಂಬ ಷರತ್ತನ್ನು ಎತ್ತಿಹಿಡಿಯಿತು. ‘ಬಾಂಡ್‌ಗೆ ಬೆಲೆಯೇ ಇಲ್ಲ’ ಎಂಬ ಹಾಸ್ಟೆಲ್ ಜ್ಞಾನವನ್ನು ನಂಬಿ ಸಹಿ ಹಾಕಬೇಡಿ. ಮೊತ್ತ ನಿಮ್ಮ ತರಬೇತಿಯ ಖರ್ಚಿಗೆ ತಕ್ಕಂತಿದೆಯೇ ನೋಡಿ. ಅಂಕಪಟ್ಟಿಯ ಮೂಲಪ್ರತಿಯನ್ನು ಒತ್ತೆ ಇಡಲು ಕೇಳಿದರೆ ಮಾತ್ರ ಬೇಡ ಎನ್ನಿ. ಪರಿಶೀಲಿಸಿ ಅಲ್ಲೇ ವಾಪಸ್ ಕೊಡಬೇಕು. ಒತ್ತೆ ಇಡುವುದೆಂದರೆ ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂತೆ.

ಕೆಲಸ ಹೋಯಿತು ಎಂದು ಮನೆಯಲ್ಲಿ ಹೇಗೆ ಹೇಳಲಿ?

2009ರಲ್ಲಿ ನನ್ನ ಕೆಲಸ ಹೋದಾಗ ನಾನು ಹೇಳಲಿಲ್ಲ. ಬೆಳಿಗ್ಗೆ ಎಂಟಕ್ಕೆ ಡಬ್ಬಿ ತೆಗೆದುಕೊಂಡು ಹೊರಡುತ್ತಿದ್ದೆ, ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯದಲ್ಲಿ ಕೂರುತ್ತಿದ್ದೆ. ಮಧ್ಯಾಹ್ನ ಬಿದಿರು ಮೆಳೆಯ ಕೆಳಗೆ ಚಿತ್ರಾನ್ನ ತಿನ್ನುತ್ತಿದ್ದೆ. ಐದು ವಾರ. ಒಂದು ದಿನ ಹೆಂಡತಿ ಡಬ್ಬಿ ಕೊಡುತ್ತಾ ‘ಇವತ್ತು ಪಾರ್ಕಿನಲ್ಲಿ ಮಳೆ ಬರಬಹುದು, ಛತ್ರಿ ಇಟ್ಟಿದ್ದೇನೆ’ ಎಂದಳು. ಅವಳಿಗೆ ಎರಡನೆಯ ವಾರವೇ ಗೊತ್ತಾಗಿತ್ತಂತೆ. ನಾನು ಮುಚ್ಚಿಟ್ಟ ಐದು ವಾರ ನೆಂಟರಿಷ್ಟರಲ್ಲಿ ಯಾರಿಗೂ ನಾನು ಕೆಲಸ ಹುಡುಕುತ್ತಿರುವುದು ಗೊತ್ತಿರಲಿಲ್ಲ. ಹೇಳಿದ ಎಂಟನೆಯ ದಿನ ಅವಳ ಚಿಕ್ಕಪ್ಪನ ಮೂಲಕವೇ ಮೊದಲ ಕರೆ ಬಂತು.

ಅದೇ ದಿನ ಹೇಳಿ. ಮೊದಲ ವಾರದಲ್ಲಿ ಬಿಡುಗಡೆ ಪತ್ರ, ಅನುಭವ ಪತ್ರ, ಕೊನೆಯ ಮೂರು ತಿಂಗಳ ವೇತನ ಚೀಟಿಗಳನ್ನು ತೆಗೆದುಕೊಳ್ಳಿ. ಕಚೇರಿಯ ಇಮೇಲ್ ಮುಚ್ಚುವ ಮೊದಲು ಸಹೋದ್ಯೋಗಿಗಳ ಸಂಖ್ಯೆ ಬರೆದುಕೊಳ್ಳಿ. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ, ಮನೆಯಲ್ಲಿ ಹಿರಿಯರಿದ್ದರೆ ಇದು ಸಣ್ಣ ಮಾತಲ್ಲ. ಸಂದರ್ಶನದಲ್ಲಿ ಕೇಳಿದರೆ ‘ನಮ್ಮ ವಿಭಾಗವನ್ನೇ ಮುಚ್ಚಿದರು’ ಎಂದು ಒಂದು ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗಿ. ಹಳೆಯ ಕಂಪನಿಯನ್ನು ಬೈಯುವವರನ್ನು ಕಂಡರೆ ಆರಿಸುವವನ ಭಯ ಮತ್ತೆ ಏರುತ್ತದೆ.

ಮಕ್ಕಳಿಗಾಗಿ ಆರು ವರ್ಷ ಕೆಲಸ ಬಿಟ್ಟಿದ್ದೆ. ಈಗ ಯಾರು ತೆಗೆದುಕೊಳ್ಳುತ್ತಾರೆ?

ವಿರಾಮದ ನಂತರ ಬರುವ ಮಹಿಳೆಯರಿಗೆಂದೇ ಪ್ರತ್ಯೇಕ ನೇಮಕ ನಡೆಸುವ ಕಂಪನಿಗಳು ಇಲ್ಲಿವೆ, ಮೊದಲು ಅವನ್ನು ನೋಡಿ. ರೆಸ್ಯೂಮೆಯಲ್ಲಿ ಆರು ವರ್ಷವನ್ನು ಮುಚ್ಚಿಡಬೇಡಿ, ‘ಮಕ್ಕಳ ಪಾಲನೆ’ ಎಂದು ನೇರವಾಗಿ ಬರೆಯಿರಿ. ಆರಿಸುವವನಿಗೆ ಇರುವ ಅನುಮಾನ ನಿಮ್ಮ ವಿದ್ಯೆ ತುಕ್ಕು ಹಿಡಿದಿದೆಯೇ ಎಂಬುದು. ಕಳೆದ ಆರು ತಿಂಗಳಲ್ಲಿ ಮಾಡಿದ ಏನಾದರೊಂದು ಅದಕ್ಕೆ ಉತ್ತರ: ಪರಿಚಿತರ ಅಂಗಡಿಯ ಜಿ.ಎಸ್.ಟಿ. ಸಲ್ಲಿಕೆ, ಒಂದು ಸಣ್ಣ ಗುತ್ತಿಗೆ ಕೆಲಸ. ಮೊದಲ ವರ್ಷ ಹಳೆಯ ಸಂಬಳಕ್ಕಿಂತ ಕಡಿಮೆಗೆ ಒಪ್ಪಬೇಕಾಗಬಹುದು. ಹೀಗಾಗುವುದು ನ್ಯಾಯವಲ್ಲ, ಆದರೂ ಹೇಳದಿದ್ದರೆ ತಪ್ಪಾಗುತ್ತದೆ.

ಎರಡು ಆಫರ್ ಇವೆ. ಒಂದರಲ್ಲಿ ಸಂಬಳ ನಾಲ್ಕು ಸಾವಿರ ಹೆಚ್ಚು, ಆದರೆ ದೂರ. ಯಾವುದನ್ನು ಒಪ್ಪಲಿ?

ಎಷ್ಟು ಕಿಲೋಮೀಟರ್ ಎಂದು ಕೇಳಬೇಡಿ, ಎಷ್ಟು ಹೊತ್ತು ಎಂದು ಕೇಳಿ. 2023ರಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ಣವಾಯಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಮುಟ್ಟಿತು. ವಿಜಯನಗರದಿಂದ ಮೆಟ್ರೊದಲ್ಲಿ ವೈಟ್‌ಫೀಲ್ಡ್‌ಗೆ ಹೋಗುವುದು, ನಕಾಶೆಯಲ್ಲಿ ಅರ್ಧ ದೂರವಿರುವ ಹೊರವರ್ತುಲ ರಸ್ತೆಯ ಕಚೇರಿಗೆ ಬಸ್ಸಿನಲ್ಲಿ ಹೋಗುವುದಕ್ಕಿಂತ ಎಷ್ಟೋ ವಾಸಿ. ನಾಲ್ಕು ಸಾವಿರದಲ್ಲಿ ಆಟೊಗೆ ಎಷ್ಟು ಹೋಗುತ್ತದೆ ಎಂಬುದನ್ನೂ ಕಳೆದು ನೋಡಿ.

ಕೆಲಸ ಎರಡೂ ಕಡೆ ಒಂದೇ ತೂಕದ್ದಾದರೆ, ಒಪ್ಪುವ ಮೊದಲು ಒಂದು ಸೋಮವಾರ ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟು ಆ ದೂರದ ಕಚೇರಿಯ ಗೇಟಿನವರೆಗೆ ಹೋಗಿ ಬನ್ನಿ. ಸಂಜೆ ಆರೂವರೆಗೆ ಅಲ್ಲಿಂದ ವಾಪಸ್ ಹೊರಡಿ. ಮಳೆ ಬರುವ ದಿನವಾದರೆ ಇನ್ನೂ ಒಳ್ಳೆಯದು.